ಯಜಮಾನಿಯ ಜಗಳ

ರಾಜಾಜಿನಗರದ ಗೆಳೆಯ ಭಾನುವಾರ ಬೆಳಿಗ್ಗೆಯೇ ಫೋನ್ ಮಾಡಿದ. "ಎರಡು ಲೋಚ್ ಬಿಳಿಚಿಕೊಂಡಿವೆ ಕಣೋ. ಅಂಗಡಿಯವನು ಔಷಧಿ ಹಾಕಿ ಅಂತಾನೆ. ಹಾಕಲಾ?" ನಾನು ಬರೋವರೆಗೂ ಬಾಟಲಿ ಮುಟ್ಟಬೇಡ ಎಂದು ಹೇಳಿ ಸ್ಕೂಟರ್ ಹತ್ತಿದೆ. ಲೋಚ್ ಅಂದರೆ ಗಾಜಿನ ತೊಟ್ಟಿಯಲ್ಲಿ ಸಾಕುವ ಒಂದು ಬಗೆಯ ಮೀನು. ಅದರ ಮೈಮೇಲಿನ ಹುರುಪೆ ತೀರಾ ಸಣ್ಣದು, ಇಲ್ಲವೇ ಇಲ್ಲ ಅನ್ನುವಷ್ಟು. ಬೇರೆ ಮೀನು ಸಲೀಸಾಗಿ ತಡೆದುಕೊಳ್ಳುವ ಔಷಧಿ ಇವಕ್ಕೆ ವಿಷವಾಗಬಹುದು. ಬಿಳಿ ಚುಕ್ಕೆ ರೋಗಕ್ಕೆ ಹಾಕುವಾಗಲೂ ಅನುಭವಸ್ಥರು ಅರ್ಧ ಪ್ರಮಾಣಕ್ಕೇ ನಿಲ್ಲಿಸುತ್ತಾರೆ.

ಬಸವನ ಹುಳು ತಿನ್ನಲಿ ಎಂದು ಅವನು ತಂದು ಸಾಕಿದ್ದು ಯೋಯೋ ಲೋಚ್‌ಗಳನ್ನು, ಉತ್ತರ ಭಾರತದ ಗಂಗೆಯ ಬಯಲಿನವು. ಹುಳುಗಳು ಖಾಲಿಯಾಗಿ ಎಷ್ಟೋ ಕಾಲವಾಯಿತು, ಮೀನುಗಳು ಮಾತ್ರ ಗೇಣುದ್ದವಾಗುವ ಅಂದಾಜಿನಲ್ಲಿವೆ. ಅವುಗಳ ಜೊತೆಗೆ ಶನಿವಾರ ಸಂಜೆ ಇನ್ನೊಂದು ದೊಡ್ಡದನ್ನು ತಂದು ಬಿಟ್ಟಿದ್ದಾನೆ. ಅಷ್ಟು ಕೇಳಿದ್ದೇ ನನಗೆ ಅರ್ಧ ಕಥೆ ಗೊತ್ತಾಯಿತು.

ತೊಟ್ಟಿಯ ಮುಂದೆ ಕೂತರೆ ಉಳಿದರ್ಧ ಕಣ್ಣೆದುರೇ ನಡೆಯುತ್ತಿತ್ತು. ಹಳೆಯ ಗುಂಪಿನಲ್ಲಿ ಎಲ್ಲಕ್ಕಿಂತ ದಪ್ಪಗಿರುವುದಕ್ಕೆ ಗೆಳೆಯನ ಅಮ್ಮ "ಯಜಮಾನಿ" ಎಂದು ಹೆಸರಿಟ್ಟಿದ್ದಾರೆ. ಲೋಚ್ ಗುಂಪಿನ ಮುಂದಾಳು ಹೆಚ್ಚಾಗಿ ಹೆಣ್ಣೇ ಅನ್ನುವುದು ಸಾಕಿದವರ ಮಾತು, ಹೆಸರು ಸರಿಯಾಗೇ ಇರಬೇಕು. ಯಜಮಾನಿ ಮತ್ತು ಹೊಸಬಳು ಮೈಗೆ ಮೈ ತಾಗಿಸಿ, ಒಂದರ ತಲೆ ಇನ್ನೊಂದರ ಬಾಲಕ್ಕೆ ಬರುವಂತೆ, ಗಿರಗಿರನೆ ಸುತ್ತುತ್ತಿದ್ದವು. ರೆಕ್ಕೆಗಳು ಪೂರ್ತಿ ಬಿಚ್ಚಿದ್ದವು. ಕಪ್ಪು ಪಟ್ಟೆಗಳು ಮಾಸಿ ಇಡೀ ಮೈ ಬೂದಿ ಬಳಿದುಕೊಂಡಿತ್ತು. ಗೆಳೆಯ ರೋಗ ಅಂದುಕೊಂಡದ್ದು ಇದನ್ನೇ. ಕಾಯಿಲೆ ಬಿದ್ದ ಮೀನು ರೆಕ್ಕೆ ಮುದುರಿಕೊಂಡು ಮೂಲೆ ಸೇರುತ್ತದೆ, ಇವಕ್ಕೆ ಪುರುಸೊತ್ತೇ ಇರಲಿಲ್ಲ. ಲೋಚ್‌ಗಳು ಪಟ್ಟಕ್ಕೆ ಜಗಳವಾಡುವಾಗ ಹೀಗೆ ಬಣ್ಣ ಬಿಡುತ್ತವೆ, ಮುಗಿದ ಮೇಲೆ ಕೆಲವೇ ಗಂಟೆಗಳಲ್ಲಿ ಮರಳುತ್ತದೆ.

"ಬೇರೆ ಮಾಡಿಬಿಡ್ತೀನಿ" ಎಂದು ಅವನು ಬಲೆ ತಂದ. ಬಲೆ ಬೇಡ ಎಂದೆ. ಇವುಗಳ ಕಣ್ಣಿನ ಕೆಳಗೆ ಒಂದು ಮುಳ್ಳಿದೆ. ಹೆದರಿದಾಗ ಹೊರಚಾಚಿ ನಿಲ್ಲುತ್ತದೆ, ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನೂ ಸುಸ್ತು, ನಾವೂ ಸುಸ್ತು. ಹಿಡಿಯಲೇಬೇಕೆಂದರೆ ಡಬ್ಬಿಯೇ ಸರಿ. ಅಲ್ಲದೆ ಬೇರೆ ಮಾಡಿ ಸಾಧಿಸುವುದೇನು? ನಾಳೆ ಒಟ್ಟಿಗೆ ಬಿಟ್ಟರೆ ಜಗಳ ಮೊದಲಿನಿಂದ ಶುರು.

ಅಷ್ಟರಲ್ಲಿ ಕರೆಂಟ್ ಹೋಯಿತು. ಫಿಲ್ಟರ್ ಸದ್ದು ನಿಂತದ್ದೇ ಕೋಣೆಯಲ್ಲಿ ಟಕ್, ಟಕ್ ಎಂದು ಕೇಳಿತು. ಅಡುಗೆಮನೆಯಿಂದ ಬಂದ ಅಮ್ಮ, "ಯಾರೋ ಅದು, ಕಡಲೆಕಾಯಿ ಒಡೆದ ಹಾಗೆ?" ಎಂದರು. ಲೋಚ್‌ಗಳು ಕೆರಳಿದಾಗ, ಒಮ್ಮೊಮ್ಮೆ ಮೇವು ಕಂಡಾಗಲೂ, ಹೀಗೆ ಸದ್ದು ಮಾಡುತ್ತವೆ. ಗಾಜಿನಾಚೆಗೂ ಕೇಳಿಸುತ್ತದೆ. ಅಮ್ಮ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಜಗಳ ನೋಡಿ ಹೆದರುವವರೇ ಹೆಚ್ಚು. ನನಗೆ ಹೆದರಿಕೆಯಾಗುವುದು ಎರಡೇ ಲೋಚ್ ಇರುವ ತೊಟ್ಟಿ ಕಂಡಾಗ. ಈ ಊರಿನಲ್ಲಿ ಮೀನನ್ನು ಜೋಡಿ ಲೆಕ್ಕದಲ್ಲಿ ಮಾರುತ್ತಾರೆ, ನಾವೂ ಜೋಡಿಯಾಗೇ ಕೇಳುತ್ತೇವೆ. ಲೋಚ್ ಜೋಡಿಯಲ್ಲಿ ಒಂದು ಹೊಡೆಯುತ್ತಲೇ ಇರುತ್ತದೆ, ಇನ್ನೊಂದು ತಿನ್ನುತ್ತಲೇ ಇರುತ್ತದೆ, ಏಟನ್ನು. ಒಂಟಿಯಾಗಿಟ್ಟರೆ ಕೆಲವು ಬಚ್ಚಿಟ್ಟುಕೊಂಡೇ ಬದುಕುತ್ತವೆ, ಕೆಲವು ಬೇರೆ ಜಾತಿಯ ಮೀನುಗಳ ರೆಕ್ಕೆ ಕಚ್ಚುತ್ತವೆ. ಐದಾರು ಇದ್ದರೆ ಸಿಟ್ಟು ಹಂಚಿಹೋಗುತ್ತದೆ. ಮೇಲು ಕೆಳಗು ತೀರ್ಮಾನವಾದ ಮೇಲೆ ಒಂದೇ ಬಿಲದಲ್ಲಿ ಒಂದರ ಮೇಲೊಂದು ಬಿದ್ದು ಮಲಗುತ್ತವೆ. ಮಗ್ಗುಲಾಗಿ ಮಲಗಿದ್ದನ್ನು ಕಂಡು ಸತ್ತೇಹೋಯಿತೆಂದು ಅತ್ತ ಮಕ್ಕಳಿದ್ದಾರೆ!

ಇಷ್ಟೆಲ್ಲ ಗದ್ದಲದಲ್ಲಿ ಅದೇ ತೊಟ್ಟಿಯ ಜೀಬ್ರಾ ಲೋಚ್‌ಗಳು ಮರದ ಬೊಡ್ಡೆಯ ಕೆಳಗೆ ಸೇರಿದ್ದವು. ಯೋಯೋಗಳಿಗೆ ಹೋಲಿಸಿದರೆ ಇವು ಸಾಧು, ಗಾತ್ರದಲ್ಲೂ ಚಿಕ್ಕವು. ನನಗೆ ಇವೇ ಹೆಚ್ಚು ಇಷ್ಟ, ನಮ್ಮ ಪಶ್ಚಿಮ ಘಟ್ಟದವು. ಶಿವಮೊಗ್ಗದ ತುಂಗೆಯಲ್ಲಿ ಸಿಕ್ಕ ಮೀನಿಗೆ ಬೋಟಿಯಾ ಸ್ಟ್ರಯೇಟಾ ಎಂಬ ಹೆಸರು ಕೊಟ್ಟು 1920ರಲ್ಲಿ ವಿವರಿಸಿದವರು ಇದೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರ್ ಸಿ. ಆರ್. ನಾರಾಯಣ ರಾವ್. ಮುಂದೆ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದವರು. ಇವತ್ತು ಆ ಮೀನು ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊಳೆಯಲ್ಲಿ ಹಿಡಿದು ನಮ್ಮಂಥವರ ತೊಟ್ಟಿಗೆ ಮಾರುವುದೂ ಅದಕ್ಕೆ ಒಂದು ಕಾರಣ. ಇಷ್ಟ ಎಂದು ಹೇಳುವಾಗ ನನಗೆ ಸ್ವಲ್ಪ ಮುಜುಗರವಾಗುವುದು ಅದಕ್ಕೇ.

ನಾನು ಮಾಡಿಸಿದ್ದು ಇಷ್ಟೇ: ಕಲ್ಲು, ಒಡೆದ ಮಡಕೆ ಚೂರುಗಳನ್ನು ಜಾಗ ಬದಲಿಸಿ, ಎರಡು ಬಿಲ ಹೆಚ್ಚಿಗೆ ಮಾಡಿ ಇಟ್ಟದ್ದು. ಯಾರ ಜಾಗ ಯಾವುದೆನ್ನುವುದೇ ಕಲಸಿಹೋದರೆ ಹಳಬರ ದರ್ಪ ಇಳಿಯುತ್ತದೆ.

ಊಟ ಮುಗಿಸಿ ನೋಡಿದರೆ ಪಟ್ಟೆಗಳು ಮರಳುತ್ತಿದ್ದವು. ಸೌತೆಕಾಯಿ ಹೋಳು ಇಳಿಬಿಟ್ಟೆವು. ಯಜಮಾನಿ ಮೊದಲು ಬಾಯಿ ಹಾಕಿತು, ಹೊಸಬಳು ಅದರ ಪಕ್ಕದಲ್ಲೇ. ಇಷ್ಟು ದಿನ ಎರಡನೆಯ ಸ್ಥಾನದಲ್ಲಿದ್ದ ಮೀನು ಹತ್ತಿರ ಬಂದಾಗ ಹೊಸಬಳು ತಿರುಗಿ ಒಂದು ಗುದ್ದು ಕೊಟ್ಟಳು.

"ಇನ್ನು ಇವೆರಡರದ್ದು ಶುರು," ಎಂದರು ಅಮ್ಮ, ಕುರ್ಚಿ ಬಿಡದೆ.