ಹಲ್ಲುಜ್ಜುವ ಕೈಗೆ ಎಷ್ಟು ಬಲ ಬೇಕು?

ಮುಂಬೈ ಬಳಿಯ ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ರೈಲು ಹಿಡಿಯಬೇಕಾದ ನಮ್ಮಂಥವರ ಮನೆಗಳಲ್ಲಿ ಹಲ್ಲುಜ್ಜಲು ಒಂದು ನಿಮಿಷ ಸಿಕ್ಕರೆ ಹೆಚ್ಚು. ಸಾಲದ ಸಮಯವನ್ನು ತೋಳಿನ ಬಲದಿಂದ ತುಂಬಿಕೊಳ್ಳುವ ಅಭ್ಯಾಸ ನನಗೆ ವರ್ಷಗಳಿಂದ ಇತ್ತು. ಕಳೆದ ಬೇಸಿಗೆಯಲ್ಲಿ ತಣ್ಣನೆಯ ಕೋಕಂ ಶರಬತ್ತು ಕುಡಿದಾಗ ಮೇಲಿನ ಎಡ ಕೋರೆಹಲ್ಲಿನ ಬುಡ ಚುಳ್ಳೆಂದಿತು. ದಂತವೈದ್ಯರು ಕನ್ನಡಿ ಹಿಡಿದು ತೋರಿಸಿದರು: ವಸಡು ಮೇಲಕ್ಕೆ ಸರಿದಿತ್ತು, ಹಲ್ಲಿನ ಬುಡದಲ್ಲಿ ಉಗುರಿಗೆ ತಾಕುವಂಥ ಕಚ್ಚು ಬಿದ್ದಿತ್ತು.

ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆದರೆ ವಸಡು ಸರಿದಾಗ ಹೊರಗೆ ಕಾಣುವ ಬೇರಿನ ಮೇಲೆ ಎನಾಮೆಲ್ ಇರುವುದಿಲ್ಲ. ಅಲ್ಲಿರುವ ಡೆಂಟಿನ್, ಅಂದರೆ ಎನಾಮೆಲ್ಲಿಗಿಂತ ಮೆದುವಾದ ಹಲ್ಲಿನ ಒಳಪದರ, ಪೇಸ್ಟಿನಲ್ಲಿರುವ ತಿಕ್ಕುವ ಸಣ್ಣ ಕಣಗಳು ಮತ್ತು ಒತ್ತಿ ಹಿಡಿದ ಬ್ರಷ್ಷು ಸೇರಿದರೆ ದಿನದಿನವೂ ಸವೆಯುತ್ತದೆ. ಸರಿದ ವಸಡು ತಾನಾಗಿ ಹಿಂದಿನ ಜಾಗಕ್ಕೆ ಬೆಳೆಯುವುದೂ ಇಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆಯೇ ಸಂಗತಿ. ನಾವು ನಿತ್ಯ ತೆಗೆಯಬೇಕಾದ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾಗಳ ಅಂಟುಪದರ, ಉಗುರಿನಿಂದ ಕೆರೆದರೂ ಬರುವಷ್ಟು ಮೆದು. ಅದೇ ಪದರ ಗಟ್ಟಿಯಾಗಿ ಗಾರೆಯಾದರೆ ಎಷ್ಟು ತಿಕ್ಕಿದರೂ ಬಾರದು, ವೈದ್ಯರ ಉಪಕರಣವೇ ಬೇಕು. ಮೆದುವಾದದ್ದಕ್ಕೆ ಬಲ ಬೇಡ, ಗಟ್ಟಿಯಾದದ್ದಕ್ಕೆ ನಮ್ಮ ಬಲ ಸಾಲದು. ಹಾಗಾದರೆ ಇಷ್ಟು ವರ್ಷ ನಾನು ಒತ್ತಿದ್ದೆಲ್ಲ ಯಾವುದಕ್ಕೆ?

ಆ ಸಂಜೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬ್ರಷ್ಷನ್ನು ಎಂದಿನಂತೆ ಒತ್ತಿ ನೋಡಿದೆ. ಅಂಕಿ 400 ಗ್ರಾಂ ದಾಟಿತು. ಸಾಮಾನ್ಯವಾಗಿ 150ರಿಂದ 200 ಗ್ರಾಂ ಸಾಕು, ಹೆಚ್ಚುಕಡಿಮೆ ಒಂದು ಮೋಸಂಬಿಯ ಭಾರ. ಮುಷ್ಟಿ ಕಟ್ಟಿ ಹಿಡಿದರೆ ಕೈ ಆ ಮಿತಿಯಲ್ಲಿ ನಿಲ್ಲುವುದೇ ಇಲ್ಲ. ಪೆನ್ನು ಹಿಡಿದಂತೆ ಬೆರಳ ತುದಿಗಳಲ್ಲಿ ಹಿಡಿದಾಗ ಮಾತ್ರ ಸಾಧ್ಯವಾಯಿತು. ಈಗ ಮೃದುವಾದ ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು, ಅಡ್ಡಡ್ಡ ಗರಗಸದಂತೆ ಎಳೆಯದೆ, ಇದ್ದಲ್ಲೇ ಸಣ್ಣದಾಗಿ ಅಲುಗಿಸುತ್ತ ಎರಡು ನಿಮಿಷ ಉಜ್ಜುತ್ತೇನೆ. ಅದಕ್ಕಾಗಿ ಅಲಾರಂ ಐದು ನಿಮಿಷ ಮುಂಚೆ ಇಡಬೇಕಾಯಿತು. ಕೋಕಂ, ನಿಂಬೆಯಂಥ ಹುಳಿ ಕುಡಿದ ಮೇಲೆ ಅರ್ಧ ಗಂಟೆಯಾದರೂ ಬ್ರಷ್ ಮುಟ್ಟುವುದಿಲ್ಲ, ಏಕೆಂದರೆ ಹುಳಿಯಿಂದ ಎನಾಮೆಲ್ಲಿನ ಮೇಲ್ಮೈ ಸ್ವಲ್ಪ ಹೊತ್ತು ಮೆದುವಾಗಿರುತ್ತದೆ.

ಮೆಲ್ಲಗೆ ಎಂದರೆ ಉಜ್ಜದೇ ಬಿಡುವುದಲ್ಲ. ಕುಂದಾಪುರದಿಂದ ಬಂದಿದ್ದ ಅಮ್ಮ, ವಸಡಿನಲ್ಲಿ ರಕ್ತ ಬರುತ್ತದೆಂದು ಆ ಜಾಗವನ್ನೇ ಬಿಟ್ಟು ಉಜ್ಜುತ್ತಿದ್ದರು. ಹೆಚ್ಚಿನ ವೇಳೆ ರಕ್ತ ಬರುವುದು ಅಲ್ಲಿ ಪ್ಲಾಕ್ ನಿಂತು ವಸಡು ಊದಿಕೊಂಡಿರುವುದರಿಂದ. ಬಿಟ್ಟಷ್ಟೂ ಅದು ಹೆಚ್ಚುತ್ತದೆ. ಮೃದು ಬ್ರಷ್ಷಿನಿಂದ ಅಲ್ಲೇ ನಿಧಾನವಾಗಿ ಉಜ್ಜಿ, ಎರಡು ವಾರದಲ್ಲಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸೋಣ ಎಂದೆ. ಹತ್ತನೆಯ ದಿನ ಅಮ್ಮ ಬಚ್ಚಲಿನಿಂದಲೇ ನನ್ನನ್ನು ಕರೆದು, ಉಗುಳಿದ ನೊರೆ ಬೆಳ್ಳಗಿದೆ ಎಂದು ತೋರಿಸಿದರು.