ದಂತದ ಕುರುಬ

ಕಾಳಿ ನದಿ ದಾಟಿ ಸ್ವಲ್ಪ ದೂರ ಹೋದರೆ ಗೋವೆಯೇ ಸಿಗುವ ಕಾರವಾರದಲ್ಲಿ ಕುಳಿತು ಇದನ್ನು ಬರೆಯಲು ಕಾರಣ, 17ನೇ ಶತಮಾನದಲ್ಲಿ ಗೋವೆಯಲ್ಲಿ ತಯಾರಾಗುತ್ತಿದ್ದ ಒಂದು ಬಗೆಯ ದಂತದ ಕೆತ್ತನೆ. ಬೆಟ್ಟದ ತುದಿಯಲ್ಲಿ ಕಾಲು ಮಡಚಿ ಕುಳಿತ, ಕುರುಬನ ರೂಪದ ಬಾಲಯೇಸು, ಕೆನ್ನೆಗೆ ಆನಿಸಿದ ಕೈ, ಮುಚ್ಚಿದ ಕಣ್ಣು, ಜೊತೆಗೊಂದು ಕುರಿಮರಿ. ಕೆಳಗೆ ಚಿಲುಮೆಯ ನೀರು ಕುಡಿಯುವ ಕುರಿಗಳು, ತಳದ ಗುಹೆಯಲ್ಲಿ ಒರಗಿದ, ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು. ವಸ್ತುವನ್ನು ಪಾದ್ರಿಗಳು ಕೊಟ್ಟಿರಬಹುದು. ಆದರೆ ಆ ಧ್ಯಾನಭಂಗಿ ಬುದ್ಧನನ್ನೂ ಬಾಲಕೃಷ್ಣನನ್ನೂ ಬಲ್ಲ ಕೈಯ ಕೆಲಸವೆಂದೇ ನನಗನ್ನಿಸುತ್ತದೆ. ಶಿರಸಿ, ಕುಮಟಾ ಕಡೆಯ ಗುಡಿಗಾರರ (ಕೆತ್ತನೆಯೇ ಕುಲಕಸುಬಾದವರ) ಹಿರಿಯರು ಮತಾಂತರಕ್ಕೆ ಅಂಜಿ ಗೋವೆಯಿಂದ ಬಂದವರೆಂಬ ಪ್ರತೀತಿ ನಿಜವಾಗಿದ್ದರೆ, ಒಂದೇ ನೆಲದ ಉಳಿಗಳು ಅಲ್ಲಿ ಸಂತರನ್ನೂ ಇಲ್ಲಿ ಗಣಪತಿಯನ್ನೂ ಕಡೆದಿವೆ.

ಈ ಬೆರಕೆ ಎಲ್ಲರಿಗೂ ರುಚಿಸಲಿಲ್ಲ. ಗೋವೆಯ ಆಂಜೆಲೊ ದ ಫೊನ್ಸೆಕಾ (1902–1967) ಶಾಂತಿನಿಕೇತನದಲ್ಲಿ ಕಲಿತು ಬಂದು, ಯೇಸುವಿನ ತಾಯಿ ಮರಿಯಮ್ಮನನ್ನು ಸೀರೆಯುಡಿಸಿ ಚಿತ್ರಿಸಿದಾಗ ಊರಿನ ಭಕ್ತರೇ ಮುನಿದರು. ಫೊನ್ಸೆಕಾ ಕೊನೆಗೆ ಪುಣೆಯಲ್ಲಿ ನೆಲೆಸಿದರು. (ಹೆಸರಿಲ್ಲದ ಶಿಲ್ಪಿಗೆ ಸಂದ ರಿಯಾಯಿತಿ ಸಹಿ ಹಾಕುವ ಚಿತ್ರಕಾರನಿಗೆ ಸಿಗಲಿಲ್ಲ.) ಅದೇ ಮರಿಯಮ್ಮನ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರಂದು ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸುವಾಗ ಮಾತ್ರ ಯಾರೂ ತಕರಾರು ಎತ್ತಿದ್ದನ್ನು ನಾನು ಕೇಳಿಲ್ಲ.