‘ನೀವು ಹಾಕಿ, ಎಂತ ತೊಂದ್ರೆ ಇಲ್ಲ’

ತುಳು–ಕನ್ನಡ ಪದಕೋಶದ ಒಂದು ಪುಟ್ಟ ತಂತ್ರಾಂಶವನ್ನು ಡೆಬಿಯನ್ ಎಂಬ ಲಿನಕ್ಸ್ ಕಾರ್ಯವ್ಯವಸ್ಥೆಗೆ ಪ್ಯಾಕೇಜ್ ಮಾಡಲೆಂದು ಮಂಗಳೂರಿನ ಕದ್ರಿಯ ಕೋಣೆಯೊಂದರಲ್ಲಿ ಮೂವರು ಕೂತಿದ್ದೆವು. ಹೊರಗೆ ಆಟಿಯ ಮಳೆ. ಪೈಥಾನ್ ಕೋಡು, ಯಾರಾದರೂ ಬಳಸಿ, ತಿದ್ದಿ, ಹಂಚಲು ಬಿಡುವ ಜಿಪಿಎಲ್ 3 ಪರವಾನಗಿ. ಪ್ಯಾಕೇಜ್ ಕಟ್ಟಿ ಮುಗಿಸಲು ಒಂದು ಗಂಟೆ ಸಾಕಾಯಿತು. ಉಳಿದ ದಿನವನ್ನೆಲ್ಲ ತಿಂದದ್ದು ಲೋಗೊ: 512 ಪಿಕ್ಸೆಲ್ ಅಗಲದ ಒಂದು ಪಿಎನ್‌ಜಿ ಕಡತ, ಅದರಲ್ಲಿ ಯಕ್ಷಗಾನದ ಕೇದಗೆ ಮುಂದಲೆ ಎಂಬ ಶಿರೋಭೂಷಣ.

ಕೋಡಿನ ಕಡತಗಳ ತಲೆಬರಹವನ್ನು ಪರವಾನಗಿ ಹುಡುಕುವ ಲೈಸೆನ್ಸ್‌ಚೆಕ್ ಸಾಧನ ಓದುತ್ತದೆ. ಚಿತ್ರ ಯಾರದ್ದೆಂದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಪಿಎನ್‌ಜಿ, ಎಸ್‌ವಿಜಿ, ಐಕಾನ್ ಕಡತಗಳನ್ನು ಹುಡುಕಿ ತೆಗೆದು, ಒಂದೊಂದಕ್ಕೂ ಗಿಟ್ ಲಾಗ್ (ಯಾರು, ಯಾವಾಗ ಸೇರಿಸಿದರೆಂಬ ದಾಖಲೆ) ನೋಡಬೇಕು. ಎಸ್‌ವಿಜಿ (ಗೆರೆಗಳಾಗಿ ಉಳಿಸಿದ ಚಿತ್ರ) ಆದರೆ ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಪರವಾನಗಿಯ ಜಾಗವನ್ನೂ ನೋಡಬೇಕು. ನಮ್ಮ ಲೋಗೊದ ಗಿಟ್ ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟೇ: ‘ಡಿಸೈನರ್ ಮಾಡಿಕೊಟ್ಟದ್ದು’. ಹಾಗಾದರೆ ರೆಪಾಸಿಟರಿಯ (ಕೋಡಿನ ಸಂಗ್ರಹದ) ಮೇಲ್ತುದಿಯಲ್ಲಿ ಕೂತಿರುವ ಜಿಪಿಎಲ್ ಕಡತ ಈ ಚಿತ್ರಕ್ಕೆ ನೆರಳು ಕೊಡುವುದಿಲ್ಲ. ಕೋಡು ಬರೆದವರು ತಮ್ಮದಲ್ಲದ್ದನ್ನು ಹಂಚಲಾರರು.

ಉಡುಪಿಗೆ ಫೋನ್ ಮಾಡಿದೆವು. ‘ಅವ್ರು ನಮ್ಮವ್ರೇ ಮಾರಾಯ್ರೆ, ನೀವು ಹಾಕಿ, ಎಂತ ತೊಂದ್ರೆ ಇಲ್ಲ’ ಎಂದರು ಕೋಡು ಬರೆದವರು. ಹತ್ತು ನಿಮಿಷದಲ್ಲಿ ಡಿಸೈನರೇ ವಾಟ್ಸಾಪ್ ಮಾಡಿದರು: ‘ಡೆಬಿಯನ್‌ನಲ್ಲಿ ಬಳಸ್ಲಿಕ್ಕೆ ನನ್ನ ಒಪ್ಪಿಗೆ ಉಂಟು.’

ಒಳ್ಳೆಯ ಮನಸ್ಸಿನ ಮಾತು, ಆದರೆ ಕೆಲಸಕ್ಕೆ ಬಾರದ್ದು. ಡೆಬಿಯನ್ ಮುಕ್ತ ತಂತ್ರಾಂಶ ಮಾರ್ಗಸೂಚಿಯ (ಡಿಎಫ್‌ಎಸ್‌ಜಿ) 8ನೇ ಅಂಶದ ಪ್ರಕಾರ ಹಕ್ಕು ಡೆಬಿಯನ್‌ಗೆ ಮಾತ್ರ ಸೀಮಿತವಾಗಿರಬಾರದು. 3ನೇ ಅಂಶ ತಿದ್ದುವ ಹಕ್ಕನ್ನೂ ಕೇಳುತ್ತದೆ. ಪ್ಯಾಕೇಜ್ ಇಳಿಸಿಕೊಂಡವರು ಅದನ್ನು ತಿದ್ದಿ, ತಮ್ಮದೇ ಡಿಸ್ಟ್ರೋದಲ್ಲಿ (ಲಿನಕ್ಸ್ ವಿತರಣೆಯಲ್ಲಿ) ಸೇರಿಸಿ, ದುಡ್ಡಿಗೆ ಮಾರಲೂಬಹುದು. ನಮಗಷ್ಟೇ ಕೊಟ್ಟ ಒಪ್ಪಿಗೆ ಅವರವರೆಗೆ ತಲುಪುವುದಿಲ್ಲ. ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಸಿಸಿ ಬೈ-ಎನ್‌ಸಿ ಕೂಡ ಇದೇ ಕಾರಣಕ್ಕೆ ನಡೆಯುವುದಿಲ್ಲ.

ಬಾಯಿಮಾತಿಗೆ ಇನ್ನೊಂದು ತೊಡಕು ನಮ್ಮ ಕಾನೂನಿನದ್ದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 30ನೇ ಸೆಕ್ಷನ್ ಪರವಾನಗಿ ಬರಹದಲ್ಲಿರಬೇಕು ಎನ್ನುತ್ತದೆ. 19ನೇ ಸೆಕ್ಷನ್ ಹಕ್ಕಿನ ವರ್ಗಾವಣೆಯ ಬಗ್ಗೆ: ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. 30ಎ ಪ್ರಕಾರ ಇದು ಪರವಾನಗಿಗೂ ಹೊಂದುತ್ತದೆ. ಅವಧಿಯನ್ನೂ ಪ್ರದೇಶವನ್ನೂ ಸ್ಪಷ್ಟವಾಗಿ ಹೇಳುವ ಸಿಸಿ ಬೈ-ಎಸ್‌ಎ 4.0ರಂಥ ಸಿದ್ಧ ಪರವಾನಗಿ ಕೇಳುವುದು ಅದಕ್ಕೇ. ಸ್ವಂತ ವಾಕ್ಯ ಹೆಣೆಯಲು ಹೋಗಬಾರದು.

ಹಾಗೇ ಬರೆದುಕೊಡಿ, ಮೂಲ ಎಸ್‌ವಿಜಿಯನ್ನೂ ಕಳಿಸಿ ಎಂದು ಕೇಳಿದೆವು. ಮೂಲವೇಕೆಂದರೆ, ತಿದ್ದಲು ಅನುಕೂಲವಾದ ರೂಪ ಮೂಲಪೊಟ್ಟಣದಲ್ಲಿರಬೇಕು. ಪಿಎನ್‌ಜಿಯನ್ನು ಅದರಿಂದ ಆರ್‌ಎಸ್‌ವಿಜಿ-ಕನ್ವರ್ಟ್ ಬಳಸಿ ಕಟ್ಟುವಾಗಲೇ ಮಾಡಿಕೊಳ್ಳಬಹುದು. ಎಸ್‌ವಿಜಿ ಬಂತು. ತೆರೆದು ನೋಡಿದರೆ ಗೆರೆಗಳ ಅಡಿಯಲ್ಲಿ ವೇಷಧಾರಿಯ ಫೋಟೊ! ಯಾವುದೋ ಕ್ಯಾಲೆಂಡರಿನದ್ದಂತೆ. ಅದರ ಮೇಲೆಯೇ ಗೆರೆ ಎಳೆದದ್ದು. ಕೇದಗೆ ಮುಂದಲೆ ಯಾರೊಬ್ಬರ ಸ್ವತ್ತೂ ಅಲ್ಲ, ಫೋಟೊ ಮಾತ್ರ ತೆಗೆದವರದ್ದು. ಭಾರತದಲ್ಲಿ ಫೋಟೊದ ಹಕ್ಕು ತೆಗೆದವರು ಬದುಕಿರುವವರೆಗೂ, ಅವರು ತೀರಿಹೋದ ಮೇಲೆ ಇನ್ನೂ 60 ವರ್ಷವೂ ಇರುತ್ತದೆ.

ಇನ್ನು ಲೋಗೊ ತೆಗೆಯುವುದೇ ದಾರಿ. ಇಲ್ಲಿ ಹೊಸಬರು ಎಡವುವುದು ಹೆಚ್ಚು: ಕಟ್ಟುವ ನಿಯಮದಲ್ಲಿ ಲೋಗೊ ಅಳಿಸಿ ಹಾಕಿದರೆ ಸಾಲದು. ಬಳಕೆದಾರರು ಹಾಕಿಕೊಳ್ಳುವ ಬೈನರಿ ಪ್ಯಾಕೇಜಿನಿಂದ ಅದು ಹೋಗುತ್ತದೆ, ಆದರೆ ಮೂಲ ಟಾರ್‌ಬಾಲ್‌ನಲ್ಲಿ (ಮೂಲ ಕಡತಗಳನ್ನೆಲ್ಲ ಕಟ್ಟಿಟ್ಟ ಗಂಟಿನಲ್ಲಿ) ಹಾಗೇ ಇರುತ್ತದೆ. ಹಂಚುವುದು ಆ ಟಾರ್‌ಬಾಲನ್ನೂ ಹೌದಲ್ಲ. ಡೆಬಿಯನ್ ಫೋಲ್ಡರಿನ ಕಾಪಿರೈಟ್ ಕಡತದ ಮೊದಲ ತುಣುಕಿನಲ್ಲಿ ‘ಫೈಲ್ಸ್-ಎಕ್ಸ್‌ಕ್ಲೂಡೆಡ್’ ಸಾಲು ಹಾಕಿ, ಮೂಲವನ್ನು ಇಳಿಸಿಕೊಡುವ ಯುಸ್ಕ್ಯಾನ್ ಓಡಿಸಿದರೆ ಲೋಗೊ ಇಲ್ಲದ ಹೊಸ ಟಾರ್‌ಬಾಲ್ ಸಿಗುತ್ತದೆ. ಆವೃತ್ತಿ ಸಂಖ್ಯೆಯ ಕೊನೆಗೆ ‘+ಡಿಎಫ್‌ಎಸ್‌ಜಿ’ ಸೇರಿಸಬೇಕು. ಹೊಸ ಆವೃತ್ತಿ ಬಂತೇ ಎಂದು ನೋಡಲು ಇರುವ ವಾಚ್ ಕಡತದಲ್ಲಿ, ಆ ಬಾಲ ಸೇರಿಸುವ ರೀಪ್ಯಾಕ್‌ಸಫಿಕ್ಸ್ ಜೊತೆಗೆ ಹೋಲಿಸುವಾಗ ಅದನ್ನು ಕಳೆಯುವ ಡಿವರ್ಶನ್‌ಮ್ಯಾಂಗಲ್ ಬರೆಯಲು ಮರೆತರೆ ಆವೃತ್ತಿಗಳ ಹೋಲಿಕೆ ತಪ್ಪುತ್ತದೆ. ನಾವು ಇದನ್ನೆಲ್ಲ ಸರಿ ಮಾಡಿದರೂ ಕಟ್ಟುವಿಕೆ ನಿಂತಿತು. ಸೆಟಪ್ ಕಡತ ಇನ್ನೂ ಆ ಪಿಎನ್‌ಜಿಯನ್ನೇ ಹುಡುಕುತ್ತಿತ್ತು! ಆ ಸಾಲನ್ನು ಪ್ಯಾಚ್‌ನಿಂದ ಬದಲಿಸಿದೆವು.

ಬದಲಿ ಚಿತ್ರವಾಗಿ ನಮ್ಮಲ್ಲೊಬ್ಬರು ಇಂಕ್‌ಸ್ಕೇಪ್‌ನಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ (ಟೊಪ್ಪಿ) ಬಿಡಿಸಿದರು, ನಾಲ್ಕೇ ಆಕಾರ. ಎಸ್‌ವಿಜಿ ಪಠ್ಯವೇ ಆದ್ದರಿಂದ ಪರವಾನಗಿಯನ್ನು ಹೆಸರಿಸುವ ಎಸ್‌ಪಿಡಿಎಕ್ಸ್ ಸಾಲು ಅದರೊಳಗೇ ಟಿಪ್ಪಣಿಯಾಗಿ ಕೂರುತ್ತದೆ. ಪಿಎನ್‌ಜಿ ಆಗಿದ್ದರೆ ಪಕ್ಕದಲ್ಲಿ ಅದೇ ಹೆಸರಿನ ‘.ಲೈಸೆನ್ಸ್’ ಕಡತ ಇಡಬೇಕಿತ್ತು. ನನ್ನ ಕಣ್ಣಿಗೆ ಮುಟ್ಟಾಳೆಯೇ ಚಂದ, 48 ಪಿಕ್ಸೆಲ್‌ಗೆ ಇಳಿಸಿದರೂ ಏನೆಂದು ತಿಳಿಯುತ್ತದೆ.

ಸಂಜೆ ಟ್ರೇಡ್‌ಮಾರ್ಕಿನ ಮಾತು ಬಂತು. ಅದು ಕೃತಿಸ್ವಾಮ್ಯವಲ್ಲ, ಬೇರೆಯೇ ಹಕ್ಕು. ಅಪಾಚೆ 2.0 ಪರವಾನಗಿಯ 6ನೇ ಸೆಕ್ಷನ್ ಅದನ್ನು ಕೊಡುವುದಿಲ್ಲವೆಂದು ನೇರವಾಗಿಯೇ ಹೇಳುತ್ತದೆ. ಫೈರ್‌ಫಾಕ್ಸ್ ಬ್ರೌಸರಿನ ಜಗಳದಲ್ಲಿ ಈ ಎರಡೂ ಹಕ್ಕುಗಳು ಹೆಣೆದುಕೊಂಡಿದ್ದವು: ಲೋಗೊದ ಪರವಾನಗಿ ಮುಕ್ತವಾಗಿರಲಿಲ್ಲವೆಂದು ಡೆಬಿಯನ್ ಅದನ್ನು ಬಿಟ್ಟಿತು, ಲೋಗೊ ಇಲ್ಲದೆ ಹೆಸರು ಬಳಸಬೇಡಿ ಎಂದಿತು ಬ್ರೌಸರ್ ರೂಪಿಸುವ ಮೊಜಿಲ್ಲಾ. 2006ರಲ್ಲಿ ಡೆಬಿಯನ್‌ನಲ್ಲಿ ಅದರ ಹೆಸರು ಐಸ್‌ವೀಸಲ್ ಆಯಿತು, 2016ರಲ್ಲಿ ಮತ್ತೆ ಫೈರ್‌ಫಾಕ್ಸ್. ಇನ್ನೊಂದು ಲಿನಕ್ಸ್ ಡಿಸ್ಟ್ರೋ ಆದ ಫೆಡೋರಾದವರು ಲೋಗೊಗಳನ್ನೆಲ್ಲ ‘ಫೆಡೋರಾ-ಲೋಗೋಸ್’ ಎಂಬ ಬೇರೆ ಪ್ಯಾಕೇಜಿನಲ್ಲಿಟ್ಟಿದ್ದಾರೆ, ತಿದ್ದಿ ಹಂಚುವವರು ಅದರ ಜಾಗಕ್ಕೆ ‘ಜೆನೆರಿಕ್-ಲೋಗೋಸ್’ ಹಾಕಿಕೊಳ್ಳುತ್ತಾರೆ. ಉಡುಪಿಯವರಿಗೂ ಅದನ್ನೇ ಹೇಳಿದೆವು: ಚಿತ್ರಗಳೆಲ್ಲ ಒಂದೇ ಫೋಲ್ಡರಿನಲ್ಲಿರಲಿ, ಅದಿಲ್ಲದೆಯೂ ತಂತ್ರಾಂಶ ಕಟ್ಟುವಂತಿರಲಿ.

ಡಿಸೈನರ್ ಫೋಟೊ ಬಿಟ್ಟು ಹೊಸದಾಗಿ ಬಿಡಿಸುತ್ತಾರಂತೆ. ಈ ಸಲ ಕಮಿಟ್ (ಗಿಟ್‌ಗೆ ಸೇರಿಸುವುದು) ಅವರ ಹೆಸರಿನಲ್ಲೇ ಆಗಬೇಕು, ಪರವಾನಗಿಯ ಸಾಲೂ ಅದರಲ್ಲೇ ಇರಬೇಕು ಎಂದು ತಿಳಿಸಿದ್ದೇವೆ. ಅಲ್ಲಿಯವರೆಗೆ ಮೆನುವಿನಲ್ಲಿ ಮುಟ್ಟಾಳೆ.